ಹಳೆಯ ಸಂಬಳದ ನೆರಳಿನಿಂದ ಹೊರಗೆ

ಬೆಂಗಳೂರಿನಲ್ಲಿ ಕೆಲಸ ಬದಲಿಸಲು ಹೊರಟ ಎಂಜಿನಿಯರ್‌ಗೆ ಬರುವ ಮೊದಲ ಫೋನ್ ಕರೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹೆಸರು, ಒಟ್ಟು ಅನುಭವ ಕೇಳಿ ಮುಗಿಸಿದ ಮೇಲೆ ಮೂರು ಪ್ರಶ್ನೆಗಳು ಬರುತ್ತವೆ: ಈಗಿನ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಷ್ಟು? ಎಕ್ಸ್‌ಪೆಕ್ಟೆಡ್ ಎಷ್ಟು? ನೋಟಿಸ್ ಪೀರಿಯಡ್ ಎಷ್ಟು ದಿನ? ಆ ಎಂಜಿನಿಯರ್‌ಗೆ ಏನು ಕೆಲಸ ಬರುತ್ತದೆ ಎಂಬ ಮಾತು ಇನ್ನೂ ಶುರುವಾಗಿರುವುದಿಲ್ಲ. ಅಷ್ಟರಲ್ಲೇ ಮುಂದಿನ ಸಂಬಳದ ಗಡಿ ಎಳೆದಾಗಿರುತ್ತದೆ. ಈಗ ಹತ್ತು ಲಕ್ಷ ಎಂದರೆ ಹದಿಮೂರು, ಹೆಚ್ಚೆಂದರೆ ಹದಿನಾಲ್ಕು. ಆ ಹುದ್ದೆಗೆ ಕಂಪನಿ ಇಪ್ಪತ್ತೆರಡು ಲಕ್ಷ ತೆಗೆದಿಟ್ಟಿದ್ದರೂ ಆ ಮಾತು ಹೊರಗೆ ಬರುವುದಿಲ್ಲ.

ಕೆಲಸ ಬದಲಿಸುವಾಗ ಒಳ್ಳೆಯ ಸಂಬಳ ಪಡೆಯುವುದು ಹೇಗೆ ಎಂದು ಕೇಳಿದರೆ ಸಿಗುವ ಸಲಹೆಗಳೆಲ್ಲ ಮಾತಿನ ಜಾಣ್ಮೆಯ ಸುತ್ತಲೇ ಇರುತ್ತವೆ. ಮೊದಲು ನೀವು ನಂಬರ್ ಹೇಳಬೇಡಿ, ಅವರು ಹೇಳಿದ ಮೇಲೆ ಸ್ವಲ್ಪ ಸುಮ್ಮನಿರಿ, ಸಂಕೋಚ ಬಿಟ್ಟು ಕೇಳಿ ಇತ್ಯಾದಿ. ಇವುಗಳಲ್ಲಿ ಹುರುಳಿದೆ, ಆದರೆ ಮಾತಿನ ಪಾಲು ಚಿಕ್ಕದು. ಸಂಬಳವನ್ನು ಗಟ್ಟಿಯಾಗಿ ಏರಿಸುವ ಸಂಗತಿಗಳು ಎರಡು. ಹೊಸ ಸಂಬಳವನ್ನು ಹಳೆಯ ಸಂಬಳದ ಲೆಕ್ಕದಿಂದ ಬಿಡಿಸಿಕೊಳ್ಳುವುದು ಒಂದು. ಬೇಡವೆಂದು ಎದ್ದು ಬರಬಲ್ಲ ಸ್ಥಿತಿಯಲ್ಲಿ ಮಾತುಕತೆಗೆ ಕೂರುವುದು ಇನ್ನೊಂದು. ಉಳಿದದ್ದೆಲ್ಲ ಇವುಗಳ ಹಿಂದೆ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹಾಸನದ ಕಡೆಯ ಕಾಲೇಜಿನಲ್ಲಿ ಬಿಇ ಮುಗಿಸಿದ ಹುಡುಗಿಯೊಬ್ಬಳು ಸರ್ವಿಸ್ ಕಂಪನಿಗೆ ವರ್ಷಕ್ಕೆ 3.5 ಲಕ್ಷಕ್ಕೆ ಸೇರುತ್ತಾಳೆ. ದೊಡ್ಡ ಹೆಸರಿನ ಕಾಲೇಜಿನ ಹುಡುಗನೊಬ್ಬ ಕ್ಯಾಂಪಸ್‌ನಿಂದಲೇ 12 ಲಕ್ಷಕ್ಕೆ ಸೇರುತ್ತಾನೆ. ಇಬ್ಬರೂ ಮೂರು ಸಲ ಕೆಲಸ ಬದಲಿಸುತ್ತಾರೆ, ಪ್ರತಿ ಸಲವೂ ಇಬ್ಬರಿಗೂ ‘ಶೇ 30 ಹೈಕ್’ ಸಿಗುತ್ತದೆ. ಮೂರನೆಯ ಬದಲಾವಣೆಯ ಹೊತ್ತಿಗೆ ಅವಳಿಗೆ ಸುಮಾರು 7.7 ಲಕ್ಷ, ಅವನಿಗೆ ಸುಮಾರು 26.4 ಲಕ್ಷ. ಶುರುವಿನಲ್ಲಿ ಎಂಟೂವರೆ ಲಕ್ಷವಿದ್ದ ಅಂತರ ಈಗ ಹದಿನೆಂಟೂವರೆ ಲಕ್ಷ ದಾಟಿದೆ. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದೇ ಮಟ್ಟದ ಕೆಲಸ ಕಲಿತಿದ್ದರೂ, ಅವಳೇ ಒಂದು ಕೈ ಮುಂದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಿಕ್ಕ ಕ್ಯಾಂಪಸ್ ಆಫರ್ ಮೂವತ್ತೆರಡನೆಯ ವಯಸ್ಸಿನ ಬೆಲೆಯನ್ನು ನಿರ್ಧರಿಸುವುದು ಅನ್ಯಾಯ. ಜಿಲ್ಲೆಗಳ ಸಾಧಾರಣ ಕಾಲೇಜುಗಳಿಂದ ಬಂದ ನಮ್ಮ ಮಕ್ಕಳಿಗೆ ಇದರಿಂದ ಆಗಿರುವ ನಷ್ಟ ದೊಡ್ಡದು, ಅದನ್ನು ನಷ್ಟವೆಂದು ಗುರುತಿಸಿದವರೂ ಕಡಿಮೆ. ‘ಶೇ 30 ಸಿಕ್ಕಿತು’ ಎಂದು ಮನೆಯಲ್ಲಿ ಸಿಹಿ ಹಂಚುವಾಗ, ಪಕ್ಕದ ಸೀಟಿನಲ್ಲಿ ಅದೇ ಕೆಲಸ ಮಾಡುವವರಿಗೆ ಎಷ್ಟು ಸಿಗುತ್ತಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕೆಲಸಗಾರರು ತಾವು ದುಡಿದು ಕೊಡುವುದಕ್ಕಿಂತ ಕಡಿಮೆ ಪಡೆಯುವುದು ಏಕೆ ಎಂಬುದು ಅರ್ಥಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ದುಡಿಮೆಯನ್ನು ಕೊಳ್ಳುವವರು ಕೆಲವೇ ಮಂದಿ ಇರುವ ಮಾರುಕಟ್ಟೆಯಲ್ಲಿ ಕೂಲಿ ಹೇಗೆ ಕುಗ್ಗುತ್ತದೆ ಎಂಬುದನ್ನು ಕೇಂಬ್ರಿಡ್ಜ್‌ನ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದರು. ಕಂಪನಿಗಳು ನೂರಾರು ಇದ್ದರೂ ಕೆಲಸಗಾರನಿಗೆ ಬೇರೆಡೆಯ ದರ ಗೊತ್ತಿಲ್ಲದಿದ್ದರೆ, ಅಥವಾ ಬಿಟ್ಟುಹೋಗುವುದು ಕಷ್ಟವಾಗಿದ್ದರೆ, ಅವನ ಪಾಲಿಗೆ ಕೊಳ್ಳುವವರು ಒಬ್ಬರೇ ಇದ್ದಂತೆ. ಇದು ಪುಸ್ತಕದಲ್ಲೇ ಉಳಿದ ಸಿದ್ಧಾಂತವಲ್ಲ. ಒಬ್ಬರ ಎಂಜಿನಿಯರ್‌ಗಳನ್ನು ಇನ್ನೊಬ್ಬರು ಫೋನ್ ಮಾಡಿ ಕರೆಯಬಾರದು ಎಂದು ಸಿಲಿಕಾನ್ ವ್ಯಾಲಿಯ ದೊಡ್ಡ ಕಂಪನಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್ ಮತ್ತು ಪಿಕ್ಸಾರ್ ಕಂಪನಿಗಳ ಮೇಲೆ ಕ್ರಮ ಕೈಗೊಂಡು ಅದನ್ನು ನಿಲ್ಲಿಸಿತು. ನೌಕರರು ಹೂಡಿದ ದಾವೆಯಲ್ಲಿ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ನಾಲ್ಕೂ ಸೇರಿ 41.5 ಕೋಟಿ ಡಾಲರ್ ಕೊಡುವ ರಾಜಿಗೆ 2015ರಲ್ಲಿ ನ್ಯಾಯಾಲಯ ಒಪ್ಪಿಗೆ ನೀಡಿತು. ಹೊರಗಿನಿಂದ ಬರುವ ಒಂದು ಫೋನ್ ಕರೆ ಎಂಜಿನಿಯರ್‌ನ ಸಂಬಳವನ್ನು ಎಷ್ಟು ಏರಿಸಬಲ್ಲದು ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲವಾದರೆ ಅದನ್ನು ತಡೆಯಲು ಅಷ್ಟು ಶ್ರಮಪಡುತ್ತಿರಲಿಲ್ಲ.

ಬದಲಿಸುವುದರಿಂದ ಲಾಭವಿದೆ ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. ಅಮೆರಿಕದ ಯುವಕರ ದುಡಿಮೆಯ ದಾಖಲೆಗಳನ್ನು ನೋಡಿದ ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ 1992ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ದುಡಿಮೆಯ ಮೊದಲ ಹತ್ತು ವರ್ಷಗಳಲ್ಲಿ ಒಬ್ಬ ಸಾಮಾನ್ಯವಾಗಿ ಏಳು ಕೆಲಸ ಹಿಡಿಯುತ್ತಾನೆ, ಆ ಕಾಲದ ಸಂಬಳದ ಏರಿಕೆಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಕೆಲಸ ಬದಲಿಸಿದಾಗಲೇ ಬರುತ್ತದೆ. ಹಾಗೆಂದು ಇದು ಎಲ್ಲ ಕಾಲಕ್ಕೂ ಸಲ್ಲುವ ಸೂತ್ರವಲ್ಲ. ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕು ಕೆಲಸ ಬದಲಿಸಿದವರ ಮತ್ತು ಅಲ್ಲೇ ಉಳಿದವರ ಸಂಬಳದ ಏರಿಕೆಯನ್ನು ಬೇರೆಬೇರೆಯಾಗಿ ಲೆಕ್ಕ ಇಡುತ್ತದೆ. 2022ರಲ್ಲಿ ಬದಲಿಸಿದವರು ಬಹಳ ಮುಂದಿದ್ದರು. 2025ರ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಕರಗಿಹೋಯಿತು.

ನಮ್ಮ ಊರಿನಲ್ಲೂ ಅದೇ ಏರಿಳಿತ ಕಂಡಿದ್ದೇವೆ. ಕೋವಿಡ್ ನಂತರ ಎಲ್ಲ ದೇಶಗಳ ಕಂಪನಿಗಳೂ ಒಟ್ಟಿಗೆ ಡಿಜಿಟಲ್ ಕೆಲಸಕ್ಕೆ ಕೈಹಾಕಿದಾಗ ಬೆಂಗಳೂರಿನಲ್ಲಿ ಎರಡು-ಮೂರು ಆಫರ್ ಕೈಯಲ್ಲಿ ಹಿಡಿದು ಓಡಾಡುವುದು ಮಾಮೂಲಾಗಿತ್ತು. 2022ರ ಜೂನ್‌ಗೆ ಕೊನೆಗೊಂಡ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನ ಆಟ್ರಿಷನ್, ಅಂದರೆ ಬಿಟ್ಟುಹೋಗುವವರ ಪ್ರಮಾಣ, ಶೇ 28.4ಕ್ಕೆ ಏರಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಅದೇ ಎಂಜಿನಿಯರ್, ಅದೇ ಕೌಶಲ; ಮಾರುಕಟ್ಟೆ ಮಾತ್ರ ಬೇರೆ. 2022ರಲ್ಲಿ ಅಣ್ಣನಿಗೆ ಸಿಕ್ಕ ಹೈಕ್ ಇವತ್ತು ತಮ್ಮನಿಗೆ ಸಿಗದಿದ್ದರೆ ಅದು ತಮ್ಮನ ದಡ್ಡತನವಲ್ಲ.

ಆದರೂ ಮಾರುಕಟ್ಟೆಯ ಒಳಗೆ ಎಲ್ಲ ಕಡೆ ದರ ಒಂದೇ ಇಲ್ಲ. ಸಂಬಳದಲ್ಲಿ ಅತಿ ದೊಡ್ಡ ಜಿಗಿತ ಕೊಡುವುದು ಒಂದು ಬಗೆಯ ಕಂಪನಿಯಿಂದ ಇನ್ನೊಂದು ಬಗೆಯ ಕಂಪನಿಗೆ ಹೋಗುವುದು. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲದಿಂದ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ಕೂತಿದೆ; ಈ ನಡುವೆ ಬೆಂಗಳೂರಿನ ಮನೆ ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಆ ಕಂಪನಿಗಳ ವ್ಯಾಪಾರವೇ ಹಾಗಿದೆ: ಗ್ರಾಹಕನಿಗೆ ಗಂಟೆಯ ಅಥವಾ ತಲೆಯ ಲೆಕ್ಕದಲ್ಲಿ ಬಿಲ್ ಹಾಕಿ, ಅದರ ಮತ್ತು ಸಂಬಳದ ನಡುವಿನ ಅಂತರದಲ್ಲಿ ಲಾಭ ನೋಡಬೇಕು. ಅಲ್ಲಿ ಸಂಬಳವೆಂದರೆ ತಗ್ಗಿಸಬೇಕಾದ ಖರ್ಚು. ಬ್ಯಾಂಕು, ಚಿಲ್ಲರೆ ವ್ಯಾಪಾರ, ವಿಮಾನ, ಔಷಧ ಕ್ಷೇತ್ರದ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆದಿರುವ ಕೇಂದ್ರಗಳ, ಅಂದರೆ ಎಲ್ಲರೂ ಜಿಸಿಸಿ ಎನ್ನುವ ಕೇಂದ್ರಗಳ, ಲೆಕ್ಕ ಬೇರೆ. ಅವು ಹೋಲಿಸಿ ನೋಡುವುದು ತಮ್ಮ ದೇಶದ ಎಂಜಿನಿಯರ್‌ನ ಸಂಬಳದ ಜೊತೆ. 2024ರ ಹೊತ್ತಿಗೆ ದೇಶದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು ಸುಮಾರು 19 ಲಕ್ಷ ಮಂದಿ ದುಡಿಯುತ್ತಿದ್ದರು. ಬೇರಾವ ನಗರಕ್ಕಿಂತಲೂ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲಿ.

ಸಾಫ್ಟ್‌ವೇರ್ ಆಚೆಗೂ ಇದು ನಿಜ. ಬೋಯಿಂಗ್ 2024ರ ಜನವರಿಯಲ್ಲಿ ದೇವನಹಳ್ಳಿ ಬಳಿ 43 ಎಕರೆಯ ಕ್ಯಾಂಪಸ್ ತೆರೆಯಿತು. ವಿಮಾನದ ಬಿಡಿಭಾಗಗಳ ಸ್ಟ್ರೆಸ್ ಅನಾಲಿಸಿಸ್ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬ ಹೊರಗುತ್ತಿಗೆ ಕಂಪನಿಯ ಹೆಸರಿನಲ್ಲಿ ದುಡಿಯುವುದಕ್ಕೂ, ವಿಮಾನ ತಯಾರಿಸುವ ಕಂಪನಿಯಲ್ಲೇ ನೇರವಾಗಿ ದುಡಿಯುವುದಕ್ಕೂ ಸಂಬಳದಲ್ಲಿ ಅಜಗಜಾಂತರವಿರುತ್ತದೆ, ಪರದೆಯ ಮೇಲಿನ ಮಾಡೆಲ್ ಒಂದೇ ಆಗಿದ್ದರೂ. ಚಿಪ್ ಡಿಸೈನ್‌ನಲ್ಲಿ ಕೇಳುವ ಪ್ರಶ್ನೆಯೇ ಎಷ್ಟು ಟೇಪ್‌ಔಟ್ ಮುಗಿಸಿದ್ದೀರಿ ಎಂಬುದು. ಕೈಯಿಂದ ಹಾದು ಫ್ಯಾಬ್‌ಗೆ ಹೋದ ಚಿಪ್‌ಗಳ ಲೆಕ್ಕ ಅಲ್ಲಿ ಎಲ್ಲ ಸರ್ಟಿಫಿಕೇಟ್‌ಗಳಿಗಿಂತ ಮೇಲು.

ಅಂಥ ಕಡೆಗೆ ಹೋಗಲು ಬಾಗಿಲು ತೆರೆಯುವುದು ರೆಸ್ಯೂಮೆ. ನಮ್ಮವರು ಎಡವುವುದೂ ಅಲ್ಲೇ ಹೆಚ್ಚು. ‘ಬ್ಯಾಂಕಿಂಗ್ ಪ್ರಾಜೆಕ್ಟ್‌ನಲ್ಲಿ ಜಾವಾ, ಸ್ಪ್ರಿಂಗ್ ಬೂಟ್, ಒರೇಕಲ್ ಬಳಸಿ ಡೆವಲಪ್‌ಮೆಂಟ್ ಮತ್ತು ಸಪೋರ್ಟ್’ ಎಂಬ ಸಾಲು ಸಾವಿರಾರು ರೆಸ್ಯೂಮೆಗಳಲ್ಲಿ ಇದೆ. ಅದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದೇ ವ್ಯಕ್ತಿ ನಿಜವಾಗಿ ಮಾಡಿದ ಕೆಲಸ ಹೀಗಿರಬಹುದು: ರಾತ್ರಿ ಓಡುವ ಬ್ಯಾಚ್ ಜಾಬ್ ಆರು ಗಂಟೆ ಹಿಡಿಯುತ್ತಿತ್ತು, ಬೆಳಗ್ಗೆ ಶಾಖೆಗಳು ತೆರೆಯುವ ಹೊತ್ತಿಗೂ ಮುಗಿಯುತ್ತಿರಲಿಲ್ಲ, ಒಂದೊಂದೇ ಸಾಲು ಓದುತ್ತಿದ್ದ ಕೋಡನ್ನು ಸಾವಿರ ಸಾಲು ಒಟ್ಟಿಗೆ ಓದುವಂತೆ ಬದಲಿಸಿ, ಇಲ್ಲದ ಇಂಡೆಕ್ಸ್ ಸೇರಿಸಿ ಅದನ್ನು ಒಂದೂವರೆ ಗಂಟೆಗೆ ಇಳಿಸಿದ. ಇದನ್ನು ಬರೆದರೆ ಇಂಟರ್‌ವ್ಯೂನಲ್ಲಿ ಪ್ರಶ್ನೆಗಳು ಇದರ ಸುತ್ತ ಬರುತ್ತವೆ, ಅವನಿಗೆ ಗೊತ್ತಿರುವ ನೆಲದಲ್ಲಿ ಮಾತು ನಡೆಯುತ್ತದೆ. ಸಪೋರ್ಟ್ ಪ್ರಾಜೆಕ್ಟ್‌ನಲ್ಲಿ ಇರುವವರು ತಮ್ಮ ಬಳಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದುಕೊಳ್ಳುತ್ತಾರೆ. ಆದರೆ ನಡುರಾತ್ರಿ ಸರ್ವರ್ ಬಿದ್ದಾಗ ಕಾರಣ ಹುಡುಕಿ ತೆಗೆದವರಿಗೆ ಇರುವ ತಿಳಿವಳಿಕೆ ಹೊಸ ಕೋಡ್ ಬರೆದವರಿಗೂ ಇರುವುದಿಲ್ಲ. ಅದನ್ನು ಹೇಳಲು ಕಲಿಯಬೇಕು, ಅಷ್ಟೇ. ಇಲ್ಲದ ಅನುಭವ ಕೊಂಡು ತೋರಿಸುವ ದಂಧೆಯೂ ಈ ಊರಿನಲ್ಲಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪಿಎಫ್‌ನ ಯುಎಎನ್ ದಾಖಲೆ ತೆರೆದರೆ ಯಾವ ಕಂಪನಿಯಲ್ಲಿ ಯಾವಾಗಿನಿಂದ ಎಂಬುದೆಲ್ಲ ಕಾಣುತ್ತದೆ. ಸಿಕ್ಕಿಬಿದ್ದವರು ಹೊಸ ಕೆಲಸದ ಜೊತೆ ಹೆಸರನ್ನೂ ಕಳೆದುಕೊಳ್ಳುತ್ತಾರೆ.

ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಲೆವೆಲ್. ಪ್ರಾಡಕ್ಟ್ ಕಂಪನಿಗಳಲ್ಲೂ ಜಿಸಿಸಿಗಳಲ್ಲೂ ಪ್ರತಿ ಲೆವೆಲ್‌ಗೆ ಒಂದು ಬ್ಯಾಂಡ್ ಇರುತ್ತದೆ, ಎಚ್‌ಆರ್ ಆ ಬ್ಯಾಂಡ್‌ನ ಒಳಗೆ ಮಾತ್ರ ಕೊಡಬಲ್ಲರು. ಎಂಟು ವರ್ಷದ ಅನುಭವವಿರುವವರನ್ನು ಎರಡನೆಯ ಲೆವೆಲ್ ಆದ ಎಸ್‌ಡಿಇ-2ಕ್ಕೆ ಸೇರಿಸಿಕೊಂಡರೆ, ಎಷ್ಟು ಚೆನ್ನಾಗಿ ಮಾತಾಡಿದರೂ ಆ ಬ್ಯಾಂಡ್‌ನ ಛಾವಣಿ ತಲೆಗೆ ತಾಗುತ್ತದೆ. ಅದೇ ವ್ಯಕ್ತಿ ಎಸ್‌ಡಿಇ-3ರ ಇಂಟರ್‌ವ್ಯೂ ಕೇಳಿ ಪಡೆದು ಪಾಸಾದರೆ, ಬ್ಯಾಂಡ್‌ನ ತಳದಲ್ಲಿ ಕೊಟ್ಟರೂ ಅದು ಮೊದಲಿನದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಮೊದಲ ಕರೆಯಲ್ಲೇ ಇದು ಯಾವ ಲೆವೆಲ್‌ನ ಹುದ್ದೆ ಎಂದು ಕೇಳಬೇಕು. ಆಫರ್ ಬಂದ ಮೇಲೆ ಲೆವೆಲ್ ಬದಲಿಸುವುದು ಬಹಳ ಕಷ್ಟ, ಏಕೆಂದರೆ ಅದಕ್ಕೆ ಇಂಟರ್‌ವ್ಯೂ ಮಾಡಿದವರ ಒಪ್ಪಿಗೆ ಬೇಕು. ಸಿಸ್ಟಮ್ ಡಿಸೈನ್ ಸುತ್ತಿನ ತಯಾರಿಗೆ ಕೊಡುವ ಮೂರು ತಿಂಗಳು ಯಾವ ಚೌಕಾಸಿಗಿಂತಲೂ ಹೆಚ್ಚು ದುಡಿದುಕೊಡುವುದು ಇದೇ ಕಾರಣಕ್ಕೆ.

ಇನ್ನು ಆ ಮೊದಲ ಪ್ರಶ್ನೆ, ಈಗಿನ ಸಿಟಿಸಿಯದು. ಸುಳ್ಳು ಹೇಳುವುದು ತಪ್ಪು, ಅಪಾಯವೂ ಹೌದು. ಪೇಸ್ಲಿಪ್ ಕೇಳಿಯೇ ಕೇಳುತ್ತಾರೆ. ಆದರೆ ಕೇಳಿದ ತಕ್ಷಣ ಹೇಳಬೇಕೆಂದೇನೂ ಇಲ್ಲ. ‘ಮೇಡಂ, ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟರಿಂದ ಎಷ್ಟರವರೆಗೆ ಇದೆ ಹೇಳಿ. ನನ್ನ ನಿರೀಕ್ಷೆ ಅದರೊಳಗೆ ಬಂದರೆ ಮುಂದುವರಿಯೋಣ, ಇಲ್ಲದಿದ್ದರೆ ನಿಮ್ಮ ಸಮಯವೂ ಉಳಿಯುತ್ತೆ’ ಎಂದರೆ ಯಾರೂ ಸಿಟ್ಟಾಗುವುದಿಲ್ಲ. ಕೆಲವರು ಬಜೆಟ್ ಹೇಳುತ್ತಾರೆ. ‘ಸಿಸ್ಟಮ್‌ನಲ್ಲಿ ಎಂಟ್ರಿ ಹಾಕಲೇಬೇಕು, ಕರೆಂಟ್ ಇಲ್ಲದೆ ಮುಂದೆ ಹೋಗಲ್ಲ’ ಎನ್ನುವವರೂ ಇದ್ದಾರೆ. ಆಗ ಹೇಳಿ, ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿ: ‘ಇದು ನನ್ನ ಈಗಿನ ಸಂಬಳ. ನಾನು ನೋಡುತ್ತಿರುವುದು ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿರುವ ದರ. ಅದು ಇಪ್ಪತ್ತರಿಂದ ಇಪ್ಪತ್ನಾಲ್ಕು ಲಕ್ಷ ಇದೆ.’ ಆ ದರ ಹೇಳಲು ಮೊದಲು ಅದು ಗೊತ್ತಿರಬೇಕು. ಆ್ಯಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್, ಲೆವೆಲ್ಸ್ ಎಫ್‌ವೈಐ ತಾಣಗಳು ಒಂದು ಅಂದಾಜು ಕೊಡುತ್ತವೆ. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ಅಲ್ಲೇ ಕೆಲಸ ಮಾಡುವ ಕಾಲೇಜಿನ ಸೀನಿಯರ್ ಅಥವಾ ಹಳೆಯ ಸಹೋದ್ಯೋಗಿ ಹೇಳುವ ಮಾತು. ಸಂಬಳದ ಬಗ್ಗೆ ಮಾತಾಡುವುದು ಅಸಹ್ಯ ಎಂಬ ನಮ್ಮ ಮಧ್ಯಮವರ್ಗದ ಸಂಸ್ಕಾರ ಇಲ್ಲಿ ಕೆಲಸ ಮಾಡಿಸುವವರಿಗೆ ಮಾತ್ರ ಲಾಭ ತಂದಿದೆ. ಗೆಳೆಯರು ತಮ್ಮತಮ್ಮಲ್ಲಿ ಸಂಬಳ ಹೇಳಿಕೊಂಡರೆ ಯಾರ ಗೌರವವೂ ಕುಂದುವುದಿಲ್ಲ.

ಹಾಗೆ ಒಂದು ನಂಬರ್ ಮೇಜಿನ ಮೇಲೆ ಬಿದ್ದ ಮೇಲೆ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ 1974ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಸಂಬಂಧವೇ ಇಲ್ಲದ ಸಂಖ್ಯೆ ಕೂಡ ಅಂದಾಜನ್ನು ತನ್ನ ಕಡೆಗೆ ಎಳೆಯುತ್ತದೆ. ಹಳೆಯ ಸಂಬಳ ಮೊದಲು ಬಿದ್ದರೆ ಎಳೆತ ಕೆಳಗೆ, ಮಾರುಕಟ್ಟೆಯ ದರ ಮೊದಲು ಬಿದ್ದರೆ ಎಳೆತ ಮೇಲೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ಸಂಬಳದ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಹೆರಿಗೆ, ಮಗುವಿನ ಆರೈಕೆ ಎಂದು ಎರಡು-ಮೂರು ವರ್ಷ ಬಿಟ್ಟು ಮರಳುವವರಿಗೆ ‘ಲಾಸ್ಟ್ ಡ್ರಾನ್ ಎಷ್ಟು’ ಎಂದು ಕೇಳಿ, ಮೂರು ವರ್ಷ ಹಿಂದಿನ ಸಂಬಳದ ಮೇಲೆ ಸಣ್ಣ ಶೇಕಡಾವಾರು ಹಾಕಿ ಕೊಡುತ್ತಾರೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಲಿಂಡಾ ಬಾಬ್ಕಾಕ್ ಮತ್ತು ಸಾರಾ ಲಾಶೆವರ್ 2003ರಲ್ಲಿ ಬರೆದ ಪುಸ್ತಕ ಹೆಂಗಸರು ಕೇಳದಿರುವುದರ ನಷ್ಟವನ್ನು ಚರ್ಚೆಗೆ ತಂದಿತು. ಆದರೆ ಅದೇ ಬಾಬ್ಕಾಕ್ ಸಹೋದ್ಯೋಗಿಗಳೊಂದಿಗೆ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಹೆಚ್ಚು ಸಂಬಳ ಕೇಳಿದ ಹೆಂಗಸರ ಬಗ್ಗೆ ಎದುರಿನವರ ಅಭಿಪ್ರಾಯ ಗಂಡಸರ ವಿಷಯಕ್ಕಿಂತ ಹೆಚ್ಚು ಕೆಡುತ್ತದೆ ಎಂದೂ ತೋರಿಸಿತು. ಧೈರ್ಯವಾಗಿ ಕೇಳಿ ಎಂಬ ಸಲಹೆಯನ್ನು ಅವರಿಗೆ ಕೊಡುವ ಮೊದಲು, ಕೇಳಿದವರನ್ನು ‘ಜೋರು’ ಎನ್ನುವ ಮ್ಯಾನೇಜರುಗಳು ತಮ್ಮನ್ನು ತಿದ್ದಿಕೊಳ್ಳಲಿ. ಅಲ್ಲಿಯವರೆಗೆ ಇನ್ನೊಂದು ಲಿಖಿತ ಆಫರ್ ಕೈಯಲ್ಲಿರುವುದು ಅವರಿಗೆ ಎಲ್ಲಕ್ಕಿಂತ ಗಟ್ಟಿ ಆಧಾರ. ಕಾಗದದ ಮೇಲಿರುವ ಅಂಕಿಗೆ ಗಂಡು-ಹೆಣ್ಣಿಲ್ಲ.

ಇಲ್ಲಿಂದ ಎರಡನೆಯ ಸಂಗತಿಗೆ, ಬೇಡವೆಂದು ಎದ್ದು ಬರಬಲ್ಲ ಸ್ಥಿತಿಯ ಮಾತಿಗೆ, ಬರೋಣ. ಒಪ್ಪಂದ ಮುರಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಏನು ಎಂಬುದರಿಂದಲೇ ನಿಮ್ಮ ಬಲ ಹುಟ್ಟುತ್ತದೆ ಎಂದು ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಎಂಜಿನಿಯರ್ ಪಾಲಿಗೆ ಅದು ಇನ್ನೊಂದು ಆಫರ್, ಅಥವಾ ಸಹಿಸಬಹುದಾದ ಈಗಿನ ಕೆಲಸ, ಅಥವಾ ಆರು ತಿಂಗಳ ಇಎಂಐ ಮತ್ತು ಮನೆಖರ್ಚಿಗೆ ಸಾಲುವ ಉಳಿತಾಯ. ಕೆಲಸ ಹೋದ ಮೇಲೆ ಹುಡುಕುವವರಿಗೂ, ಕೆಲಸದಲ್ಲಿದ್ದು ಹುಡುಕುವವರಿಗೂ ಸಿಗುವ ಸಂಬಳ ಬೇರೆಯಾಗುವುದು ಇದರಿಂದ. ಮ್ಯಾನೇಜರ್ ಮೇಲೆ ಸಿಟ್ಟಾಗಿ ಪೇಪರ್ ಹಾಕುವುದು ಅರ್ಥವಾಗುವ ಸಂಗತಿಯೇ. ಆದರೆ ಅದರ ಬೆಲೆಯನ್ನು ಮುಂದಿನ ಆಫರ್ ಲೆಟರ್‌ನಲ್ಲಿ ತೆರಬೇಕಾಗುತ್ತದೆ.

ಬೆಂಗಳೂರಿನಲ್ಲಿ ಈ ಬಲಾಬಲವನ್ನು ವಿಚಿತ್ರವಾಗಿ ತಿರುಚಿರುವುದು ನೋಟಿಸ್ ಪೀರಿಯಡ್. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಅದು 90 ದಿನ. ಸೇರಿಸಿಕೊಳ್ಳುವವರಿಗೆ ಮಾತ್ರ ‘ಇಮಿಡಿಯಟ್ ಜಾಯ್ನರ್’ ಬೇಕು. ಹೀಗಾಗಿ ಮೊದಲು ಸಿಕ್ಕ ಯಾವುದೋ ಆಫರ್ ಒಪ್ಪಿ ರಾಜೀನಾಮೆ ಕೊಟ್ಟು, ‘ಸರ್ವಿಂಗ್ ನೋಟಿಸ್’ ಎಂದು ಪ್ರೊಫೈಲ್‌ನಲ್ಲಿ ಹಾಕಿ, ಆ ಮೂರು ತಿಂಗಳಲ್ಲಿ ಇನ್ನೂ ಎರಡು ಆಫರ್ ಹಿಡಿದು, ಕೊನೆಯ ವಾರ ದೊಡ್ಡದಕ್ಕೆ ಹೋಗುವ ರೂಢಿ ಬೆಳೆಯಿತು. ಅದಕ್ಕೆ ಆಫರ್ ಶಾಪಿಂಗ್ ಎಂಬ ಹೆಸರೂ ಬಂತು. 90 ದಿನ ಕಟ್ಟಿಹಾಕುವ ನಿಯಮವೇ ಇದನ್ನು ಹುಟ್ಟಿಸಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಸಹಿ ಮಾಡಿದ ಮೇಲೆ ಸೇರುವ ದಿನ ಫೋನ್ ತೆಗೆಯದೆ ಇರುವುದು ಸರಿಯಲ್ಲ. ಆ ಜಾಗಕ್ಕೆ ಕಾದಿದ್ದ ಇನ್ನೊಬ್ಬರ ಅವಕಾಶ ಅದರಲ್ಲಿ ಕಳೆದಿರುತ್ತದೆ. ಮೇಲಾಗಿ ಈಗಿನ ಮಾರುಕಟ್ಟೆಯಲ್ಲಿ ಕಂಪನಿಗಳೇ ಕೊಟ್ಟ ಆಫರ್ ಹಿಂತೆಗೆದುಕೊಂಡು, ಇತ್ತ ರಾಜೀನಾಮೆಯೂ ಅಂಗೀಕಾರವಾಗಿ ನಡುನೀರಿನಲ್ಲಿ ಉಳಿದವರಿದ್ದಾರೆ. ಇದಕ್ಕಿಂತ ಉತ್ತಮ ದಾರಿ ನಾಲ್ಕೈದು ಕಂಪನಿಗಳ ಇಂಟರ್‌ವ್ಯೂಗಳನ್ನು ಒಂದೇ ತಿಂಗಳಿಗೆ ಜೋಡಿಸಿಕೊಳ್ಳುವುದು. ಹಾಗೆ ಮಾಡಿದರೆ ಆಫರ್‌ಗಳು ಒಂದೇ ವಾರದಲ್ಲಿ ಬರುತ್ತವೆ. ಯಾವುದಕ್ಕೂ ಸಹಿ ಹಾಕುವ ಮೊದಲೇ ಹೋಲಿಸಿ ಮಾತಾಡಬಹುದು. ನೋಟಿಸ್ ಬೈಔಟ್ ಮೊತ್ತವನ್ನು ಹೊಸ ಕಂಪನಿ ಭರಿಸುತ್ತದೆಯೇ ಎಂಬುದನ್ನೂ ಆಗಲೇ ಕೇಳಬೇಕು. ರಾಜೀನಾಮೆ ಕೊಟ್ಟ ಮೇಲೆ ಹಳೆಯ ಕಂಪನಿ ಸಂಬಳ ಏರಿಸಿ ‘ಉಳಿದುಕೋ’ ಎಂದರೆ, ಇಷ್ಟು ದಿನ ಆ ಹಣ ಎಲ್ಲಿತ್ತು ಎಂಬ ಪ್ರಶ್ನೆ ಕೇಳಿಕೊಂಡು ಉತ್ತರಿಸಬೇಕು.

ಈಗ ಆಫರ್ ಲೆಟರ್ ಕೈಗೆ ಬಂದಿದೆ ಎಂದುಕೊಳ್ಳೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಿಟಿಸಿ ಎಂಬ ಅಂಕಿ ಕೈಗೆ ಬರುವ ಹಣದ ಬಗ್ಗೆ ಹೇಳುವುದು ತೀರಾ ಕಡಿಮೆ. ಮೊದಲನೆಯದು 24 ಲಕ್ಷದ ಆಫರ್. ಅದರಲ್ಲಿ 3 ಲಕ್ಷ ವೇರಿಯಬಲ್, 2 ಲಕ್ಷ ಜಾಯ್ನಿಂಗ್ ಬೋನಸ್. ಬೇಸಿಕ್ 12 ಲಕ್ಷ. ಅದರ ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ 1,44,000, ಗ್ರಾಚ್ಯುಟಿ ಬಾಬ್ತು ಸುಮಾರು 57,700, ವಿಮೆ 25,000. ಇವೂ ಸಿಟಿಸಿಯ ಒಳಗೇ. ಉಳಿಯುವುದು 16.73 ಲಕ್ಷ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,44,000 ಕಳೆದು, 2025-26ರ ಹೊಸ ತೆರಿಗೆ ಪದ್ಧತಿಯ ಪ್ರಕಾರ ತೆರಿಗೆಯನ್ನೂ ವೃತ್ತಿ ತೆರಿಗೆಯನ್ನೂ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 1 ಲಕ್ಷ 17 ಸಾವಿರ. ಎರಡನೆಯದು 21 ಲಕ್ಷದ ಆಫರ್, ಪೂರ್ತಿ ಫಿಕ್ಸೆಡ್, ಬೇಸಿಕ್ ಅರ್ಧ. ಅದೇ ರೀತಿ ಎಲ್ಲ ಕಳೆದರೆ ತಿಂಗಳಿಗೆ ಸುಮಾರು 1 ಲಕ್ಷ 33 ಸಾವಿರ. ಚಿಕ್ಕ ಆಫರ್ ತಿಂಗಳಿಗೆ 16 ಸಾವಿರ ಹೆಚ್ಚು ಕೊಡುತ್ತದೆ! ವೇರಿಯಬಲ್ ಪೂರ್ತಿ ಬಂದರೆ ಮೊದಲ ವರ್ಷ 24 ಲಕ್ಷದ ಆಫರೇ ಮುಂದಿರುತ್ತದೆ ನಿಜ. ಆದರೆ ಜಾಯ್ನಿಂಗ್ ಬೋನಸ್ ಎರಡನೆಯ ವರ್ಷ ಇರುವುದಿಲ್ಲ, ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ವೇರಿಯಬಲ್ ಕಳೆದ ಮೂರು ವರ್ಷಗಳಲ್ಲಿ ಶೇಕಡಾ ಎಷ್ಟು ಕೊಟ್ಟಿದ್ದೀರಿ ಎಂಬುದು ಎಚ್‌ಆರ್‌ಗೆ ಕೇಳಲೇಬೇಕಾದ ಪ್ರಶ್ನೆ. ಕೇಳುವವರು ಕಡಿಮೆ.

ಷೇರುಗಳ ಮಾತು ಇನ್ನೂ ಎಚ್ಚರ ಬೇಡುತ್ತದೆ. ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡಲು ಶುರುಮಾಡಿ ಈ ಊರಿನ ಎಷ್ಟೋ ಮನೆಗಳ ಹಣೆಬರಹ ಬದಲಿಸಿತು. ಸ್ವಿಗ್ಗಿ 2024ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗಲೂ ಹಳೆಯ ನೌಕರರ ಕಾಗದ ಹಣವಾಯಿತು. ಇನ್ನೊಂದು ಕಡೆ ಬೈಜೂಸ್ ಇದೆ: 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿಯಲ್ಲಿದ್ದ ತನ್ನ ಪಾಲಿನ ಬೆಲೆ ಸೊನ್ನೆ ಎಂದು 2024ರಲ್ಲಿ ಹೂಡಿಕೆದಾರ ಸಂಸ್ಥೆ ಪ್ರೋಸಸ್ ಬರೆದುಕೊಂಡಿತು. ಸ್ಟಾರ್ಟ್‌ಅಪ್ ‘40 ಲಕ್ಷದ ಇಸಾಪ್’ (ಮುಂದೆ ಷೇರು ಕೊಳ್ಳುವ ಹಕ್ಕು) ಕೊಡುತ್ತೇವೆ ಎಂದರೆ ಒಟ್ಟು ಷೇರುಗಳೆಷ್ಟು, ಕೊಳ್ಳುವ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಅವಕಾಶ ಎಂದು ಕೇಳಬೇಕು. ಮಾರಲಾಗದ ಷೇರಾದರೂ ಸಾಮಾನ್ಯವಾಗಿ ಕೊಂಡ ದಿನವೇ, ಅದರ ಅಂದಿನ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ಅಂತರದ ಮೇಲೆ ಸಂಬಳದಂತೆ ತೆರಿಗೆ ಬೀಳುತ್ತದೆ. ಲಿಸ್ಟ್ ಆದ ಕಂಪನಿಯ ಆರ್‌ಎಸ್‌ಯು ಷೇರುಗಳನ್ನು ಕೈಗೆ ಬಂದ ಮೇಲೆ ಮಾರಬಹುದಾದ್ದರಿಂದ ಅವನ್ನು ಹಣವೆಂದೇ ಎಣಿಸಬಹುದು. ನಾಲ್ಕು ವರ್ಷಕ್ಕೆ ಹಂಚಿ, ಷೇರಿನ ದರ ಇಳಿಯಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು.

ಬಿಡುವ ದಿನಾಂಕದಲ್ಲೂ ದುಡ್ಡಿದೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ತಿಂಗಳ ಬೇಸಿಕ್ ಒಂದು ಲಕ್ಷವಿರುವವರಿಗೆ ಐದು ವರ್ಷಕ್ಕೆ ಅದು ಸುಮಾರು 2.88 ಲಕ್ಷವಾಗುತ್ತದೆ. ನಾಲ್ಕೂವರೆ ವರ್ಷಕ್ಕೆ ಬಿಡುವವರು ಅಷ್ಟನ್ನು ಬಿಟ್ಟುಹೋಗುತ್ತಾರೆ. ಕಾಯಲು ಆಗದಿದ್ದರೆ ಆ ಮೊತ್ತವನ್ನೇ ಹೊಸ ಕಂಪನಿಯ ಮುಂದಿಟ್ಟು ಜಾಯ್ನಿಂಗ್ ಬೋನಸ್ ಕೇಳುವುದು ನ್ಯಾಯವಾದ ಬೇಡಿಕೆ. ಬರಲಿರುವ ವಾರ್ಷಿಕ ಬೋನಸ್, ವೆಸ್ಟ್ ಆಗಲಿರುವ ಷೇರು ಇವಕ್ಕೂ ಅದೇ ಮಾತು. ಪಿಎಫ್ ಹಿಂತೆಗೆಯದೆ ವರ್ಗಾಯಿಸಿಕೊಳ್ಳಿ. ಐದು ವರ್ಷಕ್ಕೆ ಮೊದಲು ತೆಗೆದರೆ ತೆರಿಗೆ ಬರುತ್ತದೆ. ವರ್ಷದ ನಡುವೆ ಬದಲಿಸಿದವರು ಹಳೆಯ ಕಂಪನಿಯ ಆದಾಯವನ್ನು ಹೊಸ ಕಂಪನಿಗೆ ತಿಳಿಸದಿದ್ದರೆ ಎರಡೂ ಕಂಪನಿಗಳು ಕಡಿಮೆ ತೆರಿಗೆ ಮುರಿದುಕೊಂಡು, ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ದೊಡ್ಡ ಮೊತ್ತ ಕಟ್ಟುವ ಪಾಡು ಬರುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಫುಲ್ ಆ್ಯಂಡ್ ಫೈನಲ್‌ಗೆ ಒಂದೂವರೆ ತಿಂಗಳು ಕಾಯುವುದನ್ನು ರೂಢಿ ಮಾಡಿಕೊಂಡವರು ಈ ನಿಯಮವನ್ನು ತಿಳಿದಿರಬೇಕು.

ಕಾನೂನಿನ ಹೆದರಿಕೆಯೂ ಅನೇಕರನ್ನು ಕಡಿಮೆ ಸಂಬಳದಲ್ಲೇ ಕೂರಿಸಿದೆ. ‘ಕಾಂಪಿಟಿಟರ್ ಕಂಪನಿಗೆ ಎರಡು ವರ್ಷ ಸೇರುವಂತಿಲ್ಲ’ ಎಂಬ ಸಾಲು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇದ್ದರೆ, 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ನಂತರದ ಅಂಥ ನಿರ್ಬಂಧಕ್ಕೆ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾ ಅಂಥ ನಿರ್ಬಂಧಗಳನ್ನು ಅನೂರ್ಜಿತಗೊಳಿಸಿದ್ದೂ ಅದೇ 1872ರಲ್ಲಿ, ಸಿಲಿಕಾನ್ ವ್ಯಾಲಿ ಬೆಳೆದದ್ದರ ಹಿಂದೆ ಆ ಕಾನೂನಿನ ಪಾತ್ರವಿದೆ ಎಂದು ಅನೇಕ ವಿದ್ವಾಂಸರು ವಾದಿಸುತ್ತಾರೆ. ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ಬಾಂಡ್ ವಿಷಯ ಬೇರೆ. ನಮ್ಮದೇ ಕರಾವಳಿಯಲ್ಲಿ ಹುಟ್ಟಿದ ವಿಜಯ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿಯಿತು. ಹಳೆಯ ಕಂಪನಿಯ ಕೋಡ್, ಗ್ರಾಹಕರ ಪಟ್ಟಿ ಹೊತ್ತೊಯ್ಯುವುದಂತೂ ಎಂದಿಗೂ ಸಲ್ಲದು.

ಹೊರದೇಶದಲ್ಲಿರುವ ಕನ್ನಡಿಗ ಎಂಜಿನಿಯರ್‌ಗಳು ಈ ಹೋರಾಟದ ಕೆಲವು ಸುತ್ತುಗಳನ್ನು ಈಗಾಗಲೇ ಗೆದ್ದ ನೆಲದಲ್ಲಿದ್ದಾರೆ. ಹಳೆಯ ಸಂಬಳ ಕೇಳುವುದನ್ನು ನಿಷೇಧಿಸುವ ಕಾನೂನನ್ನು ಮ್ಯಾಸಚೂಸೆಟ್ಸ್ 2016ರಲ್ಲಿ ಮಾಡಿತು, ಕ್ಯಾಲಿಫೋರ್ನಿಯಾದಲ್ಲಿ ಅಂಥ ನಿಷೇಧ 2018ರಿಂದ ಇದೆ. ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಹಾಕಬೇಕೆಂಬ ನಿಯಮ ಕೊಲರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಜಾರಿಯಲ್ಲಿದೆ. ಎಚ್-1ಬಿ ಅರ್ಜಿಗಳಲ್ಲಿ ಕಂಪನಿಗಳು ನಮೂದಿಸುವ ಸಂಬಳವನ್ನು ಅಮೆರಿಕದ ಕಾರ್ಮಿಕ ಇಲಾಖೆ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಯುರೋಪಿನ ಒಕ್ಕೂಟದ 2023ರ ನಿರ್ದೇಶನ ಎರಡನ್ನೂ ಸೇರಿಸಿದೆ: ಸಂಬಳದ ಶ್ರೇಣಿಯನ್ನು ಮೊದಲೇ ಹೇಳಬೇಕು, ಹಳೆಯ ಸಂಬಳ ಕೇಳಬಾರದು. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು 2026ರ ಜೂನ್ 7 ಗಡುವು.

ಆ ದೇಶಗಳ ಎಷ್ಟೋ ಕಂಪನಿಗಳ ಕೇಂದ್ರಗಳು ಬೆಳ್ಳಂದೂರಿನಲ್ಲೂ ಮಾನ್ಯತಾ ಟೆಕ್ ಪಾರ್ಕ್‌ನಲ್ಲೂ ಇವೆ. ಸ್ಯಾನ್ ಫ್ರಾನ್ಸಿಸ್ಕೋದ ಹುದ್ದೆಗೆ ಸಂಬಳದ ಶ್ರೇಣಿ ಅಚ್ಚು ಹಾಕುವ ಕಂಪನಿ, ಅದೇ ತಂಡದ ಬೆಂಗಳೂರಿನ ಹುದ್ದೆಗೆ ‘ಕರೆಂಟ್ ಸಿಟಿಸಿ ಎಷ್ಟು’ ಎಂದು ಕೇಳುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಜಿಸಿಸಿಗಳಿಗೆಂದೇ ಪ್ರತ್ಯೇಕ ನೀತಿ ತಂದು, 2029ರೊಳಗೆ 500 ಹೊಸ ಕೇಂದ್ರಗಳನ್ನು ಕರೆತರುವ ಗುರಿ ಇಟ್ಟು ಸವಲತ್ತುಗಳನ್ನು ಘೋಷಿಸಿದೆ. ಸವಲತ್ತು ಪಡೆಯುವವರು ತಮ್ಮ ಊರಿನಲ್ಲಿ ಪಾಲಿಸುವ ಈ ಎರಡು ನಿಯಮಗಳನ್ನು ಇಲ್ಲೂ ಪಾಲಿಸಲಿ ಎಂದು ಷರತ್ತು ಹಾಕಲು ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯಕ್ಕೆ ಇದರ ಬಗ್ಗೆ ಕಾನೂನು ಮಾಡುವ ದಾರಿಯೂ ಇದೆ. ಶ್ರೇಣಿ ಹೊರಬಿದ್ದರೆ ಈಗಾಗಲೇ ಒಳಗಿರುವ ನೌಕರರು ತಮಗೂ ಅಷ್ಟು ಬೇಕೆಂದು ಕೇಳುತ್ತಾರೆ ಎಂಬುದು ಕಂಪನಿಗಳ ಆಕ್ಷೇಪ. ಅದು ನಿಜವೂ ಹೌದು: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಹೋದ್ಯೋಗಿಗಳ ಸಂಬಳ ನೋಡಿದ ಮೇಲೆ ಕಡಿಮೆ ಪಡೆಯುತ್ತಿದ್ದವರ ತೃಪ್ತಿ ಕುಸಿದು, ಬೇರೆ ಕೆಲಸ ಹುಡುಕುವ ಮನಸ್ಸು ಹೆಚ್ಚಾಗಿತ್ತು. ಆದರೆ ಒಂದೇ ಕೆಲಸಕ್ಕೆ ಕಡಿಮೆ ಪಡೆಯುತ್ತಿರುವವರು ತಿಳಿದ ಮೇಲೆ ಕೇಳುತ್ತಾರೆ ಎಂಬುದು ಅವರಿಗೆ ತಿಳಿಸದಿರಲು ಕಾರಣವಾಗಲಾರದು. ಹಾಸನದ ಆ ಹುಡುಗಿಗೆ 22 ಲಕ್ಷದ ಬಜೆಟ್ ಇದೆ ಎಂದು ಜಾಹೀರಾತಿನಲ್ಲೇ ಕಂಡರೆ, ಅವಳು 7.7 ಲಕ್ಷದ ಮೇಲೆ ಶೇಕಡಾ ಕೇಳುತ್ತಾ ಕೂರುವುದಿಲ್ಲ.